ಐಸಿನಲ್ಲಿಟ್ಟು ತಂದ ರಕ್ತ

ಲ್ಯಾಬಿನ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ. ರಕ್ತ ಪರೀಕ್ಷೆಗೆ ಬಳಸುವ ಬಣ್ಣ ಅದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಮೂಗು ಮುರಿದರೆ, "ಹಂಗಾದ್ರೆ ಎಡಗೈಲಿ ಉಣ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮಗೆ ದೂರದ ನೆಂಟರಾದ ಅವರು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ನಾವು ಭದ್ರಾವತಿಯ ಜನ್ನಾಪುರದವರು. ಅಪ್ಪ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವರು. ಅಂಗಾಲಿನಲ್ಲಿ ಕಪ್ಪು ಕಲೆ ಎದ್ದಾಗ "ಕಿಡಿ ತಾಗಿದ್ದು, ಬಿಡು" ಎಂದು ಎರಡು ವರ್ಷ ಹಾಗೇ ಓಡಾಡಿದರು. ಅದು ಚರ್ಮದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ತೊಡೆಸಂದಿಯಲ್ಲೂ ಎದೆಯೊಳಗೂ ಗಂಟುಗಳಿದ್ದವು.

ತೊಂಬತ್ತರ ದಶಕದ ಕೊನೆಯ ಮಾತು. ಡಾಕ್ಟರು ಎಲ್‌ಡಿಎಚ್ ಎಂಬ ಅಂಶದ ರಕ್ತ ಪರೀಕ್ಷೆ ಬರೆದುಕೊಟ್ಟರು. ಅದು ಹೆಚ್ಚಿದ್ದರೆ ಕ್ಯಾನ್ಸರಿನ ಇಂಜೆಕ್ಷನ್ನಿಗೆ ರೋಗ ಬಗ್ಗುವುದು ಅನುಮಾನ, ಮಾಮೂಲಾಗಿದ್ದರೆ ಸ್ವಲ್ಪ ಆಸೆ. ಅಪ್ಪನಿಗೆ ಬಸ್ಸು ಹತ್ತುವುದು ಕಷ್ಟವೆಂದು ಜನ್ನಾಪುರದಲ್ಲೇ ಕಾಂಪೌಂಡರ್ ಕೈಯಲ್ಲಿ ರಕ್ತ ತೆಗೆಸಿದೆ. ಬಿಸಿಲಿಗೆ ಕೆಟ್ಟೀತೆಂದು, ಅಪ್ಪ ಡ್ಯೂಟಿಗೆ ಒಯ್ಯುತ್ತಿದ್ದ ಟಿಫಿನ್ ಡಬ್ಬಿಗೆ ಐಸ್ ತುಂಬಿ, ನಡುವೆ ರಕ್ತದ ಟ್ಯೂಬ್ ನೆಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕನ ಲ್ಯಾಬಿಗೆ ಒಯ್ದೆ. ದೊಡ್ಡ ಬುದ್ಧಿವಂತೆ ನಾನು! ಅಕ್ಕ ಅವತ್ತು ರಜೆಯಲ್ಲಿದ್ದರು.

ಎಲ್‌ಡಿಎಚ್ ವಿಪರೀತ ಹೆಚ್ಚು ಬಂತು. ಡಾಕ್ಟರು ರಿಪೋರ್ಟ್ ನೋಡಿದರೇ ಹೊರತು ಅಪ್ಪನ ಮುಖ ನೋಡಲಿಲ್ಲ. "ಇಂಜೆಕ್ಷನ್ ಕೊಟ್ಟು ಯಾಕೆ ನೋಯಿಸ್ತೀರಿ? ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂರನೆಯ ದಿನ ಅಕ್ಕ ನಮ್ಮ ಮನೆಗೇ ಬಂದರು. ಲ್ಯಾಬಿನ ಫ್ರಿಜ್ಜಿನಲ್ಲಿ ಉಳಿದಿದ್ದ ಅಪ್ಪನ ಸ್ಯಾಂಪಲ್ ಕಣ್ಣಿಗೆ ಬಿದ್ದಿತ್ತಂತೆ.

"ಹರಳೆಣ್ಣೆ ಥರ ಇರಬೇಕಾದ ಸೀರಮ್ಮು, ರಕ್ತದ ಮೇಲಿನ ತಿಳಿ, ಬೀಟ್‌ರೂಟ್ ನೀರಾಗಿದೆ. ಹೆಂಗೆ ತಂದ್ಯೇ?"

ಡಬ್ಬಿಯ ಕಥೆ ಹೇಳಿದೆ.

"ಐಸಿಗೆ ತಾಗಿ ರಕ್ತದ ಕಣ ಒಡೆದಿದೆ ಮಾರಾಯ್ತಿ! ಅದರೊಳಗಿದ್ದ ಎಲ್‌ಡಿಎಚ್ ಆಚೆ ಬಂದು ಲೆಕ್ಕ ಏರಿದೆ. ನಿಂಗೆ ಗೊತ್ತಿರ್ಲಿಲ್ಲ, ಸರಿ. ನಮ್ಮ ಲ್ಯಾಬಿನೋರಿಗೆ ಕಣ್ಣಿರ್ಲಿಲ್ವಾ?"

ಅವತ್ತೇ ಪಕ್ಕದ ಮನೆಯವರ ವ್ಯಾನಿನಲ್ಲಿ ಅಪ್ಪನನ್ನು ಕರೆದೊಯ್ದು, ಲ್ಯಾಬಿನಲ್ಲೇ ರಕ್ತ ತೆಗೆದರು. ಎಲ್‌ಡಿಎಚ್ ಮಾಮೂಲಾಗಿತ್ತು! ಲ್ಯಾಬಿನ ಯಜಮಾನರು, "ಹೊಸ ರಿಪೋರ್ಟ್ ಕೊಡು ಸಾಕು. ಹಳೇದು ತಪ್ಪು ಅಂತ ಎಲ್ಲೂ ಬಾಯಿ ಬಿಡ್ಬೇಡ" ಎಂದು ನನ್ನೆದುರೇ ಗದರಿದರು. ಅಕ್ಕ ಎರಡೂ ರಿಪೋರ್ಟ್ ಹಿಡಿದು ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದರು.

"ಸಾರ್, ಮೊದಲ್ನೇದು ನಮ್ಮ ಲ್ಯಾಬಿನ ತಪ್ಪು. ಇದೂ ಏನು ಜಾತಕ ಅಲ್ಲ, ಗ್ಯಾರಂಟಿ ಇಲ್ಲ. ಆದ್ರೆ ಒಡೆದ ರಕ್ತ ನೋಡಿ ಮನುಷ್ಯನ್ನ ಮನೆಗೆ ಕಳಿಸ್ಬೇಡಿ."

ಇಂಜೆಕ್ಷನ್ ಶುರುವಾಯಿತು. ಗಂಟುಗಳು ಕುಗ್ಗಿದವು. ಅಪ್ಪ ಇನ್ನೂ ಎರಡು ವರ್ಷ ನಮ್ಮ ಜೊತೆಗಿದ್ದರು. ಅಕ್ಕನನ್ನು ಮಾತ್ರ ಯಜಮಾನರು ಆ ತಿಂಗಳೇ ಕೆಲಸದಿಂದ ತೆಗೆದರು, ಬೇರೆ ಲ್ಯಾಬಿನಲ್ಲೂ ಕೆಲಸ ಸಿಗಲಿಲ್ಲ. ನಾನು ಅಳುತ್ತಾ ಅವರ ಮನೆಗೆ ಹೋದರೆ, "ಡಬ್ಬಿ ತುಂಬ ಐಸ್ ತಂದ್ಯೇನೇ?" ಎಂದು ನಕ್ಕರು.

ಕೆಲವು ವರ್ಷಗಳ ನಂತರ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ಅವರ ಮನೆಗೆ ಓಡಿದೆ. ಲ್ಯಾಬಿನ ಯಜಮಾನರೂ ದೊಡ್ಡ ಹಾರ ಹಿಡಿದು ಬಂದಿದ್ದರು. "ನಮ್ಮ ಲ್ಯಾಬಿಗೆ ಕಣ್ಣಾಗಿದ್ರು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ಅಕ್ಕನ ಬಲಗೈ ಎತ್ತಿ ಅವರ ಮುಂದೆ ಹಿಡಿದೆ. ಹೆಬ್ಬೆರಳಿನ ಉಗುರಿನಲ್ಲಿ ಬಣ್ಣದ ಸುಳಿವೇ ಇರಲಿಲ್ಲ.

"ಎಷ್ಟು ಉಜ್ಜಿದ್ರೂ ಹೋಗದೇ ಇದ್ದ ಬಣ್ಣ ಕಣ್ರೀ ಅದು. ತೊಳೆದೋರು ನೀವು."