ಎಡಕ್ಕೆ ನಿಂತ ಬಸ್ಸು

ನನ್ನ ಗಂಡ ಮಾಸ್ತಪ್ಪ ಡ್ರೈವರ್. ಸಾಗರದಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ. ಅದೇ ದಾರಿಯಲ್ಲಿ ಇಪ್ಪತ್ತೇಳು ವರ್ಷ ಖಾಸಗಿ ಬಸ್ಸು ಓಡಿಸಿದರು. ನಾನು ಓದಿದ್ದು ಐದನೇ ಕ್ಲಾಸು. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲಿನ ಬೆರಳುಗಳನ್ನು ತೆಗೆದರು. ಕ್ಲಚ್ ತುಳಿಯಲು ಆಗಲಿಲ್ಲ. ಮಾಲೀಕರು ಶಾಲು ಹೊದಿಸಿ ಮನೆಗೆ ಕಳಿಸಿದರು. ನಮ್ಮ ಮನೆ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ. ಹಾರನ್ ಕೇಳಿದರೆ ಯಾವ ಬಸ್ಸು, ಎಷ್ಟು ನಿಮಿಷ ಲೇಟು ಎಂದು ಕೂತಲ್ಲೇ ಹೇಳುತ್ತಿದ್ದರು. ಹೇಳಿ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಒಂದು ವರ್ಷ ಹೀಗೇ ಹೋಯಿತು.

ಮಗಳು ಸುಪ್ರಿಯಾಳ ಗಂಡ ಶ್ರೀನಾಥ್ ಶಿವಮೊಗ್ಗದಿಂದ ಬರುವಾಗ ಒಂದು ಸಾಮಾನು ತಂದರು. ನಡುವೆ ಟಿ.ವಿ. ಥರದ ಗಾಜು, ಎರಡು ತುದಿಗೂ ಗುಂಡಿ.

"ಇದು ಕಂಪ್ಯೂಟರೇ ಮಾವ. ಕೈಯಲ್ಲಿ ಹಿಡ್ಕಂಡು ಆಟ ಆಡೋದು. ನಂಗೆ ಟೈಮಿಲ್ಲ, ನಿಮ್ಮತ್ರ ಇರ್ಲಿ."

"ನಾನೆಂತ ಅಂಗನವಾಡಿಗೆ ಹೋಗ್ತೀನಾ?"

"ಬಸ್ ಓಡ್ಸೋ ಆಟ ಇದೆ."

"ಕ್ಲಚ್ ಯಾರು ತುಳೀತಾರೆ? ನಿಮ್ಮ ಅತ್ತೇನಾ?"

"ಕಾಲೇ ಬೇಡ ಮಾವ. ಹೆಬ್ಬೆರಳು ಸಾಕು."

ಅಳಿಯ ಊಟಕ್ಕೆ ಎದ್ದ ಮೇಲೆ ಇವರು ಅದನ್ನು ತೊಡೆ ಮೇಲೆ ಇಟ್ಟುಕೊಂಡರು.

ಅದು ಯಾವುದೋ ಪರದೇಶದ ರಸ್ತೆ. ಅಲ್ಲಿ ಬಲಕ್ಕೆ ಓಡಿಸಬೇಕಂತೆ. ಇವರು ಎಡಕ್ಕೇ ಹೋದರು. ಎದುರಿನ ಗಾಡಿಗಳು ಹಾರನ್ ಹೊಡೆದವು. "ನಿಮ್ಮಪ್ಪಂದಾ ರಸ್ತೆ? ಸೈಡಿಗೆ ಹೋಗ್ರೋ!" ಎಂದು ಇವರು ಬೈದರು. ಆ ಗಂಟಲು ಕೇಳಿ ವರ್ಷವಾಗಿತ್ತು. ಒಳಗೆ ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತುಬಿಟ್ಟೆ. ಅಳಿಯ ಎಂಜಲು ಕೈ ತೊಳೆದು ಬಂದು, ಏನೋ ಒತ್ತಿ, ಎಡಕ್ಕೆ ಓಡಿಸುವ ಊರಿಗೆ ಬದಲಿಸಿಕೊಟ್ಟರು.

ಆಮೇಲೆ ದಿನಾ ಎರಡು ಟ್ರಿಪ್. ಬೆಳಿಗ್ಗೆ ಸ್ನಾನ ಮಾಡಿ, ಗಾಜಿನ ಮೂಲೆಗೆ ಕುಂಕುಮ ಹಚ್ಚಿಯೇ ಬಸ್ಸು ತೆಗೆಯುವುದು. ಪರದೇಶದ ಸ್ಟಾಪುಗಳಿಗೆಲ್ಲ ನಮ್ಮ ಊರಿನ ಹೆಸರಿಟ್ಟರು. ಚರ್ಚಿನ ಹತ್ತಿರದ್ದು ಕೋಣಂದೂರು. ಕೊನೆಯದು ತೀರ್ಥಹಳ್ಳಿ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಸ್ಟಾಪ್ ಕಂಡರೆ ನಾನು "ಹೋಲ್ಡಾನ್" ಎನ್ನಬೇಕು. ಜನ ಹತ್ತಿದ ಮೇಲೆ "ರೈಟ್" ಎನ್ನಬೇಕು. ಮೆಲ್ಲಗೆ ಹೇಳಿದರೆ ಬಸ್ಸು ನಿಲ್ಲಿಸುತ್ತಿರಲಿಲ್ಲ.

ಅವರ ಜೊತೆ ಕಂಡಕ್ಟರ್ ಆಗಿದ್ದ ಹೂವಯ್ಯ ಒಂದು ಭಾನುವಾರ ಬಂದವನು ಇದನ್ನು ನೋಡಿದ.

"ಅಣ್ಣ, ಟಿಕೆಟ್ ಯಾರು ಹರೀತಾರೆ?"

"ನಿನ್ ಕೆಲ್ಸ ಹೋಯ್ತು ಮಾರಾಯ. ಈಗ ಇವ್ಳೇ ಕಂಡಕ್ಟರು."

"ಅತ್ತಿಗೆ, ಚಿಲ್ರೆ ಇಲ್ಲ ಅಂತ ಜನಾನ ಬೈಬೇಡಿ ಮತ್ತೆ."

"ನೀನು ಬೈದಷ್ಟು ಬೈಯಲ್ಲ ಬಿಡು" ಎಂದೆ. ಮೂವರೂ ನಕ್ಕೆವು.

ಇಪ್ಪತ್ತೇಳು ವರ್ಷ ಅವರು ಬಸ್ಸಿನಲ್ಲಿ, ನಾನು ಮನೆಯಲ್ಲಿ. ನಾವು ಒಟ್ಟಿಗೆ ಕೂತದ್ದು ಆ ಎಂಟು ತಿಂಗಳು.

ಒಂದು ಮಂಗಳವಾರ ಮಧ್ಯಾಹ್ನ ಕೋಣಂದೂರು ದಾಟಿದ್ದೆವು.

"ಒಂದು ಟೀ ಇಡೇ."

"ಸ್ಟಾಪ್ ಬಂದ್ರೆ?"

"ತೀರ್ಥಹಳ್ಳಿವರೆಗೆ ಸ್ಟಾಪಿಲ್ಲ. ಹೋಗು."

ಟೀ ತಂದಾಗ ಅವರ ತಲೆ ಎದೆಗೆ ಬಿದ್ದಿತ್ತು. ಉಸಿರಿರಲಿಲ್ಲ. ಬಸ್ಸು ರಸ್ತೆಯ ಎಡಕ್ಕೆ ನಿಂತಿತ್ತು. ಹ್ಯಾಂಡ್‌ಬ್ರೇಕ್ ಹಾಕಿತ್ತು. ಇಂಡಿಕೇಟರ್ ಮಿನುಗುತ್ತಿತ್ತು. ಎದೆ ಹಿಡಿದಾಗ ಅವರು ನನ್ನನ್ನು ಕರೆಯಲಿಲ್ಲ, ಮೊದಲು ಬಸ್ಸನ್ನು ಸೈಡಿಗೆ ಹಾಕಿದ್ದಾರೆ. ಆ ಸಿಟ್ಟು ನನಗೆ ಇನ್ನೂ ಇದೆ.

ಆ ದಿನ ಅಳಿಯ ಮೇಲಿನ ಗುಂಡಿ ಒತ್ತಿ ಗಾಜು ಕಪ್ಪು ಮಾಡಿದರು. "ನಿದ್ದೆಗೆ ಹಾಕಿದೀನಿ ಅತ್ತೆ. ಬಸ್ಸು ಅಲ್ಲೇ ಇರುತ್ತೆ. ಚಾರ್ಜ್ ಪೂರ್ತಿ ಖಾಲಿಯಾದ್ರೆ ಮಾತ್ರ ಈ ಟ್ರಿಪ್ ಅಳಿಸಿ ಹೋಗುತ್ತೆ" ಎಂದರು. ಅಂದಿನಿಂದ ಚಾರ್ಜಿನ ವೈರು ತೆಗೆಯಲಿಲ್ಲ. ಗುಂಡಿ ಮುಟ್ಟಲಿಲ್ಲ. ಅವರ ಕೈ ಕೊನೆಗೆ ಬಿಟ್ಟ ಜಾಗದಲ್ಲೇ ಅದು ಇರಲಿ ಎಂದು.

ತಿಥಿ ಮುಗಿದ ಮೇಲೆ ಸುಪ್ರಿಯಾ ಹೇಳಿದಳು. "ಆಫ್ ಮಾಡಮ್ಮ. ಅಪ್ಪ ಅದ್ರೊಳಗಿದಾರಾ?"

"ಅಪ್ಪ ಇಲ್ಲ. ಪ್ಯಾಸೆಂಜರ್ ಇದಾರೆ. ನಡುದಾರೀಲಿ ಇಳ್ಸೋದಾ?"

ಅವಳು ಅಳುತ್ತಾ ಶಿವಮೊಗ್ಗದ ಬಸ್ಸು ಹತ್ತಿದಳು. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಅನ್ನ ಒಂದು ಹೊತ್ತು ಮಾಡಿದರೆ ಎರಡು ದಿನ.

ಮೂರು ತಿಂಗಳಾದ ಮೇಲೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಎರಡು ದಿನ ಕರೆಂಟಿಲ್ಲ. ಪಕ್ಕದ ಮನೆ ಆಶಾ ಬೇಲಿಯಾಚೆಯಿಂದ ಕೂಗಿದಳು. "ವರದಕ್ಕ, ನಾಳೆ ಸಂಜೆವರೆಗೂ ಬರಲ್ವಂತೆ!"

ಮೇಲಿನ ಗುಂಡಿ ಒತ್ತಿ ನೋಡಿದೆ. ಬಸ್ಸು ಹಾಗೇ ನಿಂತಿತ್ತು. ಮೂಲೆಯಲ್ಲಿ ಚಾರ್ಜಿನ ಕೆಂಪು ಗೆರೆ, ನೂರಕ್ಕೆ ಆರು ಎಂದು ತೋರಿಸುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಚಾರ್ಜಿಗೆ ಕೊಡಬಹುದಿತ್ತು. ಅಲ್ಲಿ ಯಾರೋ ಗುಂಡಿ ಒತ್ತುತ್ತಾರೆ. ಸುಮ್ಮನೆ ಇಟ್ಟರೆ ಸಾಯುತ್ತದೆ. ಅವರು ಒಂದು ಟ್ರಿಪ್ ಕೂಡ ನಡುವೆ ಬಿಟ್ಟವರಲ್ಲ. ನಾನೇ ಕೂತೆ.

ಎಂಟು ತಿಂಗಳು ಅವರ ಹೆಬ್ಬೆರಳನ್ನೇ ನೋಡಿದ್ದೆ. ಹ್ಯಾಂಡ್‌ಬ್ರೇಕ್ ಬಿಟ್ಟೆ. ಬಸ್ಸು ಮುಗ್ಗರಿಸಿತು. ಒಂದು ಕಂಬಕ್ಕೆ ಗುದ್ದಿದೆ. ಪ್ಯಾಸೆಂಜರ್ ಯಾರೂ ಬೈಯಲಿಲ್ಲ. ಹಿಂದೆ ತೆಗೆದೆ. ಒಂದು ತಿರುವು ಬಂತು. ಹೆಬ್ಬೆರಳು ಇಷ್ಟೇ ಇಷ್ಟು ಸರಿಸಿದೆ, ಅಷ್ಟು ದೊಡ್ಡ ಬಸ್ಸು ನನ್ನ ಮಾತು ಕೇಳಿ ತಿರುಗಿತು. ನನಗೆ ನಗು ಬಂತು. ಗಂಡ ಸತ್ತು ಮೂರು ತಿಂಗಳಿಗೆ ನಗುವುದೇ ಎಂದು ಬಾಯಿಗೆ ಕೈ ಅಡ್ಡ ಇಟ್ಟೆ. ಕೈ ಬಿಟ್ಟದ್ದಕ್ಕೆ ಬಸ್ಸು ಚರಂಡಿ ಕಡೆ ಹೋಯಿತು. ಮತ್ತೆ ಹಿಡಿದೆ. ನಗುತ್ತಲೇ ಓಡಿಸಿದೆ. ಇವರು ಗೋಡೆ ಬಿಟ್ಟು ಈ ಕಡೆ ತಿರುಗಿದ್ದು ಯಾಕೆ ಎಂದು ಆಗ ಗೊತ್ತಾಯಿತು.

ತೀರ್ಥಹಳ್ಳಿ ಸ್ಟ್ಯಾಂಡ್ ಕಂಡಿತು. ಗೆರೆ ಎರಡಕ್ಕೆ ಇಳಿದಿತ್ತು. ಕೂಗುವವರಿಲ್ಲ. "ಹೋಲ್ಡಾನ್!" ಎಂದು ನಾನೇ ಕೂಗಿದೆ. ಖಾಲಿ ಮನೆಯಲ್ಲಿ ಅದು ಜೋರಾಗಿ ಕೇಳಿತು. ನಿಲ್ಲಿಸಿದೆ. ಬಾಗಿಲು ತೆರೆದೆ. ಎಲ್ಲರೂ ಇಳಿದರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿದೆ. ಸ್ವಲ್ಪ ಹೊತ್ತಿಗೆ ಗಾಜು ತಾನೇ ಕಪ್ಪಾಯಿತು.

ಮಾರನೇ ದಿನ ಸಂಜೆ ಕರೆಂಟು ಬಂತು. ಚಾರ್ಜಿಗೆ ಹಾಕಿದೆ.

ಈಗ ಬೆಳಿಗ್ಗೆ ಒಂದು ಟ್ರಿಪ್ ನನ್ನದು. ಕೂಗದಿದ್ದರೂ ಬಸ್ಸು ನಿಲ್ಲುತ್ತದೆ. ಆದರೂ ಕೂಗುತ್ತೇನೆ. ಆಶಾಗೆ ಅಭ್ಯಾಸವಾಗಿದೆ.