ಒದ್ದು, ವದ್ದು

ಬಳ್ಳಾರಿಗೆ ಬಂದ ಮೊದಲ ದಿನ ಊಟಕ್ಕೆ ಕುಳಿತಿದ್ದಾಗ ತೋಪು ಹಾರಿತು. ಎಲೆ ಬಿಟ್ಟು ಮಂಚದ ಕೆಳಗೆ ಸೇರಿದೆ. ಪಕ್ಕದ ಮನೆಯ ಬಂಡಿಯ ಹುಸೇನ ಸಾಬರು ಬಂದು ನೆಲದ ಮೇಲೆ ಕುಳಿತು, ಅದು ದಂಡಿನವರು ದಿನಾ ಹನ್ನೆರಡಕ್ಕೆ ಹೊತ್ತು ತಿಳಿಸುವ ತೋಪೆಂದು ಮಂಚದಡಿಯಲ್ಲಿದ್ದ ನನಗೆ ವಿವರಿಸಿದರು.

ನಮ್ಮ ಮೈಸೂರಿನಲ್ಲಿ ಬೆಟ್ಟವೆಂದರೆ ಹಸಿರು. ಇಲ್ಲಿ ಊರ ನಡುವೆ ಬೋಳು ಬಂಡೆಯೇ ಬೆಟ್ಟವಾಗಿ ಕುಳಿತಿದೆ. ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ. ಹೆಂಡತಿ ಎರಡೇ ತಿಂಗಳಲ್ಲಿ ರೊಟ್ಟಿ ಬಡಿಯಲು ಕಲಿತಳು, ನಾನು ಇನ್ನೂ ಅಗಿಯಲು ಕಲಿಯುತ್ತಿದ್ದೇನೆ. ಮನೆಯನ್ನು 'ಮನಿ' ಎನ್ನುವವರ ನಡುವೆ ನಾನು ದಂಡಿನ ಬಿಳಿಯ ದೊರೆಗಳಿಗೆ ಕನ್ನಡ ಕಲಿಸುವ ಮುನಶಿ. ಯಾರ ಕನ್ನಡ ಸರಿ ಎಂಬುದು ಎಂಟು ತಿಂಗಳಾದರೂ ತೀರ್ಮಾನವಾಗಿಲ್ಲ.

ಮಳೆ ಹಿಂದಾಗುವ ಹೊತ್ತಿಗೆ ಬರ್ಮಾದಲ್ಲಿ ಯುದ್ಧವೆಂಬ ಸುದ್ದಿ ಬಂತು. ಬೆನ್ನಿಗೇ ದಂಡಿನ ಅಪ್ಪಣೆ: ಸಿರುಗುಪ್ಪದಿಂದ ಅಕ್ಕಿ ತರುವ ಬಂಡಿಗಳೂ ಕುರುಗೋಡಿನ ಬಂಡಿಗಳೂ ಎತ್ತುಗಳ ಸಮೇತ ರೈಲಿನಲ್ಲಿ ಹೋಗಿ ಹಡಗು ಹತ್ತಬೇಕು, ಬಂಡಿ ಹೊಡೆಯುವವರೂ ಜೊತೆಗೆ ಹೋಗಬೇಕು. ಹುಸೇನ ಸಾಬರ ತಮ್ಮ ಖಾಸೀಮನ ಹೆಸರು ಪಟ್ಟಿಯಲ್ಲಿತ್ತು. ಅವನ ಮದುವೆಯಾಗಿ ತಿಂಗಳು ತುಂಬಿರಲಿಲ್ಲ.

ಬಂಡಿಯವರೆಲ್ಲ ಎತ್ತು ಹಿಡಿದು ದಂಡಿನ ಕಚೇರಿಗೆ ನಡೆದುಹೋಗಿ ಅರ್ಜಿ ಕೊಡುವುದೆಂದಾಯಿತು. ಆ ಬೆಳಿಗ್ಗೆ ನಾನು ಹೊರಟಿದ್ದು ಹುಣಸೆಹಣ್ಣು ತರಲು. ಹುಸೇನ ಸಾಬರು ಬೀದಿಯಲ್ಲೇ ತಡೆದರು.

"ಅಗಸಿತನಕ ಬರ್ರಿ ಮುನಶಿಯವರ. ಓದಿದವರೊಬ್ರು ಜೋಡಿ ಇದ್ರ ಚೊಲೊ."

ಅಗಸಿ ಎಂದರೆ ಊರಬಾಗಿಲು. ಅಲ್ಲಿಯವರೆಗೆ ತಾನೆ ಎಂದು ಹೊರಟೆ. ದೊರೆಗಳ ಕಣ್ಣಿಗೆ ಬಿದ್ದರೆ ಕೆಲಸ ಹೋದೀತೆಂದು ಕೊಡೆಯನ್ನು ಮುಖಕ್ಕೆ ಇಳಿಸಿಕೊಂಡೆ. ಮೋಡದ ದಿನ, ಅಷ್ಟು ಜನರಲ್ಲಿ ಕೊಡೆ ಬಿಚ್ಚಿದವನು ನಾನೊಬ್ಬನೇ. ಅದರ ಮರೆಯಲ್ಲಿ ಅಗಸಿ ಯಾವಾಗ ಹಿಂದಾಯಿತೋ ಕಾಣಲಿಲ್ಲ.

"ಬರ್ಮಾದವರು ನಮಗೇನ್ ಮಾಡ್ಯಾರ್ರಿ?" ಪಕ್ಕದಲ್ಲಿ ನಡೆಯುತ್ತಿದ್ದ ಖಾಸೀಮ ಕೇಳಿದ. "ಅವರ ಮಾರಿ ಸೈತ ನಾವು ನೋಡಿಲ್ಲ."

ನಾನು ಕೊಡೆಯನ್ನು ಇನ್ನೂ ಸ್ವಲ್ಪ ಇಳಿಸಿಕೊಂಡೆ. ನನಗೆ ಗೊತ್ತಿದ್ದುದು ವ್ಯಾಕರಣ ಮಾತ್ರ.

ಕಚೇರಿಯ ಮುಂದೆ ಆದವಾನಿ ಕಡೆಯ ಬಂಡಿಯವರೂ ಸೇರಿಕೊಂಡರು. ಒಮ್ಮೆಲೇ ಕೂಗು ಎದ್ದಿತು: "ವದ್ದು! ವದ್ದು!" ನನ್ನ ಕಿವಿಗೆ ಅದು 'ಒದ್ದು' ಎಂದೇ ಬಿತ್ತು. ಒದ್ದು ಬಾಗಿಲು ಮುರಿಯುವವರ ಜೊತೆ ಬಂದುಬಿಟ್ಟೆನೇ?

"ಒದೆಯೋದೆಲ್ಲ ಬೇಡಿ ಸಾಬರೆ," ಎಂದು ಅವರ ತೋಳು ಹಿಡಿದೆ.

"ಅದು ತೆಲುಗ್ರೀ. ವದ್ದು ಅಂದ್ರ ಬ್ಯಾಡ. ಯುದ್ಧ ಬ್ಯಾಡ ಅನ್ನಾಕ ಹತ್ಯಾರ. ನೀವೆಂಥ ಮುನಶಿರೀ."

ನಗುವಷ್ಟರಲ್ಲಿ ಕೊಡೆಯಂಚಿನಿಂದ ಕಂಡಿತು: ಮೆಟ್ಟಿಲ ಮೇಲೆ ನಿಂತಿದ್ದವರು ನನ್ನ ಶಿಷ್ಯ. ಹಿಂದಿನ ವಾರವೇ ಆ ದೊರೆಗೆ 'ಒದೆ, ಒದ್ದು, ಒದ್ದನು' ಬಾಯಿಪಾಠ ಮಾಡಿಸಿದ್ದೆ. ಅವರ ಬಿಳಿಯ ಮುಖ ಇನ್ನಷ್ಟು ಬಿಳಿಚಿತು. ಏನೋ ಹೇಳಿದರು, ಸಿಪಾಯಿಗಳು ಬಂದೂಕು ಎತ್ತಿದರು. ಖಾಸೀಮ ಆಗಲೇ ಮುಂದಿನ ಸಾಲಿಗೆ ಹೋಗಿದ್ದ. ನಾನು ಕಲಿಸಿದ ಪಾಠವೇ ಅವನ ಎದೆಗೆ ಗುರಿಯಿಟ್ಟು ನಿಂತಿತ್ತು.

ಕೊಡೆ ಮಡಚಿ ಮುಂದೆ ಹೋದೆ. ಧೈರ್ಯವಲ್ಲ, ಪಾಠ ತಪ್ಪಿದಾಗ ತಿದ್ದುವ ಚಾಳಿ ಎಂದುಕೊಳ್ಳಿ.

"ದೊರೆಗಳೆ, ಅದು ಕಾಲಿನಿಂದ ಒದೆಯುವ ಒದ್ದು ಅಲ್ಲ. ತೆಲುಗಿನಲ್ಲಿ ಬೇಡ ಅಂತ. ಇವರೆಲ್ಲ ಯುದ್ಧ ಬೇಡ ಅಂತಿದ್ದಾರೆ."

ದೊರೆ ನಾನು ಕಲಿಸಿದ ಅಚ್ಚಿನ ಕನ್ನಡದಲ್ಲೇ ಕೇಳಿದರು: "ನೀವೂ ಬೇಡವೆನ್ನುವಿರಾ?"

ಹುಣಸೆಹಣ್ಣಿಗೆ ಬಂದವನು ನಾನೆಂದು ಹೇಳಬಹುದಿತ್ತು. "ಹೌದು," ಎಂದೆ, "ನಾನೂ."

ಬಂದೂಕು ಇಳಿದವು. ಅರ್ಜಿ ಒಳಗೆ ಹೋಯಿತು. ವಾರದ ಮೇಲೆ ಹೊಸ ಅಪ್ಪಣೆ ಬಂತು: ಒಪ್ಪಿದವರು ಮಾತ್ರ ಹೋಗಲಿ, ಎತ್ತುಗಳು ಹೋಗಲೇಬೇಕು. ಖಾಸೀಮ ಉಳಿದ. ರೈಲಿನ ಡಬ್ಬಿಗೆ ಜೋಡೆತ್ತು ಹತ್ತಿಸಿ, ಬರಿಯ ಹಗ್ಗ ಹಿಡಿದು ಮನೆಗೆ ಬಂದ. ನನ್ನ ಕೆಲಸವೂ ಉಳಿಯಿತು. ದೊರೆ ಈಗ ತೆಲುಗಿಗೆ ಬೇರೊಬ್ಬ ಮುನಶಿಯನ್ನು ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ಮೈಸೂರಿನ ಅಣ್ಣನಿಗೆ ಬರೆದೆ: ನಮ್ಮ ಹುಡುಗ ಉಳಿದ, ಆದರೆ ನಮ್ಮ ಎತ್ತುಗಳು ಹೋದವು. ಅಣ್ಣ ಗಾಬರಿಯಿಂದ ಉತ್ತರಿಸಿದ್ದಾನೆ. ನಮ್ಮ ಎತ್ತುಗಳು ಕೊಟ್ಟಿಗೆಯಲ್ಲೇ ಮೇಯುತ್ತಿವೆ, ನೀನು ಹೇಳುವ ಹುಡುಗ ಯಾರು, ಆ ಬಿಸಿಲಿಗೆ ನಿನಗೇನಾದರೂ ಆಗಿದೆಯೇ?

ಉತ್ತರ ಬರೆಯಲು ಕುಳಿತಿದ್ದೇನೆ. ಎತ್ತುಗಳು ಸಾಬರ ಮನೆಯವೆಂದು ತಿದ್ದಲು ಕೈ ಬರುತ್ತಿಲ್ಲ, ನಮ್ಮವೆಂದರೆ ಅಣ್ಣ ಒಪ್ಪುವುದಿಲ್ಲ.