ಗೋಲ್‌ಕೀಪರನ ಜೊತೆ ಥ್ರೋಬಾಲ್

ನಮ್ಮ ಮನೆಯಲ್ಲಿ ನನ್ನ ಗಂಡನ ಕೈಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದೆವು. ಸಾಬೂನು, ಕಾರಿನ ಕೀ, ಲಿಂಬೆಹಣ್ಣು, ಒಮ್ಮೆ ಅತ್ತೆ ಊರಿನಿಂದ ತಂದ ಹಪ್ಪಳದ ಕಟ್ಟು ಕೂಡ. ‘ಹಿಡಿ’ ಎನ್ನುವ ಅಗತ್ಯವೂ ಇರಲಿಲ್ಲ. ಅವರು ಫೋನ್ ನೋಡುತ್ತಾ ಕುಳಿತಲ್ಲಿಂದಲೇ ಕೈ ಎತ್ತುತ್ತಿದ್ದರು, ವಸ್ತು ಬಂದು ಅಲ್ಲಿ ಕೂರುತ್ತಿತ್ತು. ಹಪ್ಪಳ ಒಂದೂ ಮುರಿಯಲಿಲ್ಲ.

ಅವರು ಗೋಲ್‌ಕೀಪರ್. ದೋಹಾದ ಎರಡನೇ ದರ್ಜೆಯ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುವವರು. ಸಂಬಂಧ ತಂದವರು ನನ್ನ ಅಪ್ಪನಿಗೆ ‘ಹುಡುಗ ಸ್ಪೋರ್ಟ್ಸ್ ಕ್ಲಬ್ಬಿನಲ್ಲಿ ಕೆಲಸ’ ಎಂದಷ್ಟೇ ಹೇಳಿದ್ದರು. ಅಪ್ಪ ಅಕೌಂಟ್ಸ್ ಸೆಕ್ಷನ್ ಎಂದುಕೊಂಡರು. ನಿಶ್ಚಿತಾರ್ಥದ ದಿನ ವಿಷಯ ತಿಳಿದು, “ಗೋಲ್ ಹೊಡೆಯುವವನಾದರೂ ಆಗಿದ್ದರೆ ಪೇಪರಲ್ಲಿ ಫೋಟೋ ಬರ್ತಿತ್ತು” ಎಂದು ಬೇಸರಪಟ್ಟಿದ್ದರು.

ನನ್ನ ಗಂಡ ಹುಟ್ಟಿದ್ದು ದೋಹಾದಲ್ಲಿಯೇ. ಮಾವನಿಗೆ ಅಲ್ಲಿನ ನಜ್ಮಾ ಬಡಾವಣೆಯಲ್ಲಿ ದರ್ಜಿಗಳಿಗೆ ಬೇಕಾದ ಗುಂಡಿ, ನೂಲು, ಲೈನಿಂಗ್ ಬಟ್ಟೆ ಮಾರುವ ಅಂಗಡಿ ಇತ್ತು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಸುಡಾನಿನ, ಪಾಕಿಸ್ತಾನದ, ಕೇರಳದ ಮಕ್ಕಳು ಫುಟ್ಬಾಲ್ ಆಡುವಾಗ ಎಲ್ಲರಿಗಿಂತ ಎತ್ತರದ ಇವರನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿದರು. ಅಲ್ಲಿಂದ ಕ್ಲಬ್ಬಿನ ಮಕ್ಕಳ ತಂಡ, ಆಮೇಲೆ ದೊಡ್ಡವರ ತಂಡ. ಅನೇಕ ವರ್ಷ ಎರಡನೇ ಕೀಪರ್ ಆಗಿ ಬೆಂಚಿನ ಮೇಲೆ ಕುಳಿತರು. ಮೊದಲನೆಯ ಕೀಪರಿಗೆ ಏನಾದರೂ ಆದರೆ ಮಾತ್ರ ಇವರಿಗೆ ಆಟ, ಆದರೆ ಹಾಗಾಗಲಿ ಎಂದು ಬಯಸುವಂತೆಯೂ ಇಲ್ಲ. ಮದುವೆಯಾದ ಹೊಸತರಲ್ಲಿ ಅವರು ತೊಳೆದು ಮಡಚಿದ ಜರ್ಸಿಯನ್ನು ಹಾಗೆಯೇ ಮರಳಿ ತರುತ್ತಿದ್ದರು. ನಾನು ಅದನ್ನು ಮತ್ತೆ ತೊಳೆಯುತ್ತಿದ್ದೆ. ಮೊದಲ ಬಾರಿಗೆ ಅದರ ಮೇಲೆ ಹುಲ್ಲಿನ ಹಸಿರು ಕಲೆ ಕಂಡ ದಿನ ತೊಳೆಯಲು ಮನಸ್ಸೇ ಬರಲಿಲ್ಲ.

ಹೀಗೆ ಕಾದು ಪಡೆದ ಜಾಗದಲ್ಲಿ ನಾಲ್ಕಾರು ವರ್ಷ ಚೆನ್ನಾಗಿಯೇ ನಿಂತರು. ಕಳೆದ ಚಳಿಗಾಲದಲ್ಲಿ ಕೆಳಗೆ ಬಂದ ಒಂದು ಚೆಂಡಿಗೆ ಹಾರಿದಾಗ ಬಲಗೈಯ ಉಂಗುರದ ಬೆರಳು ಗೋಲಿನ ಕಂಬಕ್ಕೆ ಬಡಿದು ಮುರಿಯಿತು. ಆಪರೇಶನ್ ಆಯಿತು, ತಂತಿ ಹಾಕಿದರು, ತೆಗೆದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಮೂಳೆ ಸರಿ ಉಂಟು, ಆಡಬಹುದು” ಎಂದರು. ಅವರೂ ಊರಿನ ಕಡೆಯವರೇ, ಆದ್ದರಿಂದ ಆ ಮಾತು ನಮಗೆ ಇನ್ನಷ್ಟು ಸಿಹಿಯಾಗಿ ಕೇಳಿತು.

ಆದರೆ ನನ್ನ ಗಂಡ ಚಹಾದ ಲೋಟವನ್ನು ಎಡಗೈಗೆ ಬದಲಾಯಿಸಿದ್ದರು. ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಿದ್ದರು. ಮೈದಾನದಲ್ಲಿಯೂ ಒಂದು ಬದಲಾವಣೆಯಾಗಿತ್ತು. ಮೇಲಿಂದ ಬರುವ ಚೆಂಡಿಗೆ ಕೀಪರ್ ಮುಂದೆ ಓಡುವಾಗ ‘ಕೀಪರ್!’ ಎಂದು ಕೂಗಬೇಕು. ಚೆಂಡು ನನ್ನದು, ದಾರಿ ಬಿಡಿ ಎಂದು ಅದರ ಅರ್ಥ. ಅವರ ಕೂಗು ಗೇಟಿನ ಆಚೆಗೂ ಕೇಳುತ್ತಿತ್ತು. ಈಗ ಕೂಗು ಇರಲಿಲ್ಲ. ಹಿಡಿಯಬೇಕಾದ ಚೆಂಡನ್ನು ಮುಷ್ಟಿ ಕಟ್ಟಿ ಗುದ್ದುತ್ತಿದ್ದರು. ಗುದ್ದಿದ ಚೆಂಡು ಹೋಗಿ ಎದುರಾಳಿಯ ಕಾಲಿಗೇ ಬೀಳುತ್ತಿತ್ತು. ಹಾಗೆ ಎರಡು ಗೋಲು ಹೋದವು.

ಒಂದು ದಿನ ಅತ್ತೆ ತರಕಾರಿ ಚೀಲದಿಂದ ಮೂಸಂಬಿ ತೆಗೆದು ಎಂದಿನಂತೆ ಮಗನತ್ತ ಎಸೆದರು. ಅವರು ಅದನ್ನು ಗುದ್ದಿಬಿಟ್ಟರು. ಮೂಸಂಬಿ ಟಿವಿ ಸ್ಟ್ಯಾಂಡಿನ ಕೆಳಗೆ ಉರುಳಿತು.

“ಮೂಸಂಬಿ ನಿನಗೆಂತ ಮಾಡಿದೆ ಮಾರಾಯ?” ಎಂದರು ಅತ್ತೆ. ಯಾರೂ ನಗಲಿಲ್ಲ. (ಮನೆಯಲ್ಲಿ ನಾವು ಆಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಅತ್ತೆಯ ಖಾರ ಅರ್ಧವೂ ಬರುವುದಿಲ್ಲ.)

ಮರುದಿನದಿಂದ ಅತ್ತೆ ಎಲ್ಲವನ್ನೂ ಎದ್ದು ಹೋಗಿ ಮಗನ ಕೈಗೇ ಕೊಡತೊಡಗಿದರು. ಮೊಣಕಾಲು ನೋವಿನ ಹೆಂಗಸು, ಒಂದು ಚಮಚ ಕೊಡುವುದಕ್ಕೂ ಏಳುವುದು. ಒಂದು ಸಂಜೆ ನನ್ನ ಗಂಡ ನನ್ನ ಹತ್ತಿರ ಮೆಲ್ಲಗೆ, “ಅಮ್ಮ ಕೈಗೆ ಕೊಡ್ತಾರೆ, ನೋಡಿದ್ಯಾ?” ಎಂದರು.

ಕ್ಲಬ್ಬಿಗೆ ಬೇಸಿಗೆ ರಜೆ ಬಂತು. ಹೊರಡುವ ಮೊದಲು ಕೀಪರುಗಳ ಕೋಚ್, ಈಜಿಪ್ಟಿನವರು, ಒಳ್ಳೆಯ ಮನುಷ್ಯ, ಇವರನ್ನು ಪಕ್ಕಕ್ಕೆ ಕರೆದು ಹೇಳಿದ್ದರಂತೆ: “ಹಬೀಬಿ, ರಜೆ ಮುಗಿಯುವುದರೊಳಗೆ ನಿನ್ನ ಕೈ ವಾಪಸ್ ಬಂದರೆ ಮೊದಲ ಮ್ಯಾಚು ನಿನಗೆ. ಇಲ್ಲದಿದ್ದರೆ ಖಲಾಸ್, ಬೆಂಚಿನ ಮೇಲಿರುವ ಆ ಚಿಕ್ಕವನನ್ನು ನಿಲ್ಲಿಸ್ತೇನೆ.” ಖಲಾಸ್ ಎಂದರೆ ನಮಗೆ ಆಟ ಮಾತ್ರ ಮುಗಿಯುವುದಲ್ಲ. ವೀಸಾ ಇದ್ದದ್ದು ಕ್ಲಬ್ಬಿನದು, ಮಾವನ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಹುಟ್ಟಿದ ಊರಿನಲ್ಲಿ ಉಳಿಯಲು ಅವರು ಬೇರೆ ಕೆಲಸ ಹುಡುಕಬೇಕಿತ್ತು, ಮತ್ತು ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಗೋಲ್‌ಕೀಪರ್ ಒಬ್ಬನೇ ಅಭ್ಯಾಸ ಮಾಡಲಾರ. ಓಡಬಹುದು, ಭಾರ ಎತ್ತಬಹುದು, ಆದರೆ ಚೆಂಡು ಎಸೆಯಲು ಇನ್ನೊಬ್ಬರು ಬೇಕು. ಜೊತೆಯವರೆಲ್ಲ ಅವರವರ ದೇಶಕ್ಕೆ ಹೋಗಿದ್ದರು. ಬಿನ್ ಮಹಮೂದ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲೂ ಅರ್ಧ ಮನೆಗಳಿಗೆ ಬೀಗ.

“ನಾನು ಎಸೀತೇನೆ” ಎಂದೆ.

“ನೀನಾ?”

“ನಾನು ಥ್ರೋಬಾಲ್ ಆಡಿದವಳು ಮಾರಾಯ್ರೆ. ಕಾನ್ವೆಂಟ್ ಟೀಮು.”

“ಅದು ರಿಬ್ಬನ್ ಕಟ್ಟಿಕೊಂಡು ಆಡುವ ಆಟ ಅಲ್ವಾ?”

“ರಿಬ್ಬನ್ ಕಟ್ಟಿಕೊಂಡೇ ಜಿಲ್ಲಾ ಮಟ್ಟಕ್ಕೆ ಹೋಗಿದ್ದೇವೆ.”

ಬಿಸಿಲು ಏರುವ ಮೊದಲು ಟೆರೇಸಿಗೆ ಹೋದೆವು. ನೀರಿನ ಟ್ಯಾಂಕುಗಳು, ಡಿಶ್ ಆಂಟೆನಾಗಳು, ಯಾರದೋ ಮರೆತ ಬಟ್ಟೆ ಕ್ಲಿಪ್ಪುಗಳು. ಅಷ್ಟು ಹೊತ್ತಿಗೇ ಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ಅಂಟುತ್ತಿತ್ತು. ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ, ಭುಜದ ಮೇಲಿಂದ ಮೊದಲ ಚೆಂಡು ಎಸೆದೆ. ಅದು ಅವರ ತಲೆ ದಾಟಿ, ಮೋಟುಗೋಡೆಯನ್ನೂ ದಾಟಿ, ಕೆಳಗಿನ ಕ್ಯಾಫೆಟೇರಿಯಾದ ಬೋರ್ಡಿನ ಮೇಲೆ ಬಿತ್ತು. ಮಲಯಾಳಿ ವಾಚ್‌ಮನ್ ಏದುಸಿರು ಬಿಡುತ್ತಾ ತಂದುಕೊಟ್ಟರು.

“ಚೇಚೀ, ಮಗುವಿನದ್ದಾ ಇದು?”

“ಅಲ್ಲ, ನನ್ನದು.”

ಅವರು ನನ್ನನ್ನೂ ನನ್ನ ಹಿಂದೆ ನಿಂತ ಆರಡಿ ಮೀರಿದ ಗಂಡನನ್ನೂ ನೋಡಿ ಮೆಟ್ಟಿಲಿಳಿದರು. ಆಮೇಲೆ ಚೆಂಡು ಕೆಳಗೆ ಬೀಳದಂತೆ ಎರಡು ಪೈಪುಗಳ ನಡುವೆ ಹಳೆಯ ಬೆಡ್‌ಶೀಟ್ ಕಟ್ಟಿದೆವು.

ಎರಡನೆಯ ಚೆಂಡನ್ನು ಅವರು ಗುದ್ದಿದರು.

“ಫೌಲ್” ಎಂದೆ.

“ಎಂತದು ಫೌಲು?”

“ಥ್ರೋಬಾಲಲ್ಲಿ ಗುದ್ದುವ ಹಾಗಿಲ್ಲ. ಎರಡೂ ಕೈಯಲ್ಲಿ ಹಿಡೀಬೇಕು, ಮೈಗೆ ತಾಗಬಾರದು, ಹಿಡಿದ ಕೂಡ್ಲೇ ವಾಪಸ್ ಎಸೀಬೇಕು. ಪಾಯಿಂಟ್ ನನಗೆ.”

“ಯಾರು ಮಾಡಿದ ರೂಲು?”

“ನಮ್ಮ ಸಿಸ್ಟರ್ ಮಾಡಿದ್ದು. ಅವರ ಹತ್ರ ವಾದ ನಡೆಯುದಿಲ್ಲ.”

ಸೋಲುವುದೆಂದರೆ ಅವರಿಗೆ ಆಗದು. ಹೆಂಡತಿಯ ಕೈಯಲ್ಲಿ, ಅದೂ ಥ್ರೋಬಾಲಿನಲ್ಲಿ ಸೋಲುವುದೆಂದರೆ ಕೇಳುವುದೇ ಬೇಡ. ಮೊದಲ ವಾರ ದಿನವೂ ನಾನೇ ಗೆದ್ದೆ. ಅತ್ತೆ ತಿಂಡಿಯ ಹೊತ್ತಿಗೆ, “ಇವತ್ತು ಯಾರು?” ಎಂದು ಕೇಳಿ, ನನ್ನ ಮುಖ ನೋಡಿ, ನನ್ನ ತಟ್ಟೆಗೆ ಒಂದು ನೀರ್‌ದೋಸೆ ಹೆಚ್ಚು ಹಾಕುತ್ತಿದ್ದರು.

ಎರಡನೆಯ ವಾರ ಅವರಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎಸೆದ ಚೆಂಡು ನನ್ನ ಕಿರುಬೆರಳಿನ ತುದಿಗೆ ನೇರವಾಗಿ ಬಡಿಯಿತು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವರು ಫ್ರಿಜ್ಜಿನ ಐಸನ್ನೆಲ್ಲ ಪಾತ್ರೆಗೆ ಸುರಿದು ನನ್ನ ಕೈ ಅದ್ದಿಸಿದರು. “ಬೆರಳಿನ ಶನಿ ಈ ಮನೆಗೇ ಹಿಡಿದದ್ದಾ?” ಎಂದು ಅತ್ತೆ ಮಗನಿಗೆ ಚೆನ್ನಾಗಿ ಬೈದರು.

ಊತ ಇಳಿದ ಮೇಲೆ ಬೆರಳಿಗೆ ಪಟ್ಟಿ ಸುತ್ತಿ ಮತ್ತೆ ಟೆರೇಸಿಗೆ ಹೋದೆ. ಅವರು ಬೇಡವೆಂದರು, ನಾನು ಕೇಳಲಿಲ್ಲ. ಆದರೆ ಚೆಂಡು ಹತ್ತಿರ ಬಂದಾಗಲೆಲ್ಲ ನನ್ನ ಕೈ ತಾನಾಗಿಯೇ ಮುದುಡಿಕೊಳ್ಳುತ್ತಿತ್ತು. ಒಂದನ್ನೂ ಹಿಡಿಯಲಾಗಲಿಲ್ಲ.

ಅವರು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: “ಬೆರಳಿನದ್ದು ಏನಿಲ್ಲ. ನೀನು ಕೊನೇ ಗಳಿಗೆಯಲ್ಲಿ ಕಣ್ಣು ಮುಚ್ತೀ. ಕೈಗೆ ಬರುವವರೆಗೆ ಬಾಲನ್ನು ನೋಡು.” ಹೀಗೆ ಹೇಳಿ ಚೆಂಡನ್ನು ಎತ್ತಿಕೊಂಡವರು ಹಾಗೆಯೇ ನಿಂತರು. ಕೆಳಗೆ ಇಂಡಸ್ಟ್ರಿಯಲ್ ಏರಿಯಾದ ಕಡೆಗೆ ಹೋಗುವ ಯಾವುದೋ ಕಂಪನಿಯ ಬಸ್ಸು ಹಾರ್ನ್ ಹಾಕಿತು.

“ನಾನೂ ಮುಚ್ತೇನಾ?” ಎಂದು ಕೇಳಿದರು.

“ಗೊತ್ತಿಲ್ಲ. ನಾನು ಇಷ್ಟು ದಿನ ನಿಮ್ಮ ಕೈಯನ್ನೇ ನೋಡ್ತಿದ್ದೆ. ಈಗ ಮುಖ ನೋಡ್ತೇನೆ.”

ಎಸೆದೆ. ಮುಚ್ಚಿದರು. ಇನ್ನೊಂದು ಎಸೆದೆ. ಮುಖವನ್ನೇ ಒಂದಿಷ್ಟು ಪಕ್ಕಕ್ಕೆ ತಿರುಗಿಸಿದರು.

“ಹೌದು” ಎಂದೆ.

ಅವರಿಗೆ ಬೇಸರವಾಗಬಹುದೆಂದು ನನಗೆ ಹೆದರಿಕೆ. ಅವರು ನಕ್ಕರು. ಬೆರಳು ಮುರಿದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ತೊಂದರೆ ಕಣ್ಣಿನದ್ದಾದರೆ ಅಭ್ಯಾಸದಿಂದ ಸರಿ ಮಾಡಿಕೊಳ್ಳಬಹುದು ಎಂದರು.

ಮರುದಿನ ನಾನು ಡ್ರೆಸ್ಸಿಂಗ್ ಟೇಬಲಿನಿಂದ ಬಿಂದಿಯ ಪಾಕೆಟ್ ತೆಗೆದುಕೊಂಡು ಹೋದೆ. ಪ್ರತಿ ಸಲ ಚೆಂಡಿಗೆ ಒಂದು ದೊಡ್ಡ ಬಿಂದಿ ಅಂಟಿಸಿ ಎಸೆಯುವುದು, ಕೆಂಪೋ ಹಸಿರೋ ಕಪ್ಪೋ ಎಂದು ಅವರು ಹಿಡಿಯುವ ಮೊದಲೇ ಕೂಗುವುದು. ಕಣ್ಣು ಮುಚ್ಚಿದರೆ ಬಣ್ಣ ತಿಳಿಯುವುದಿಲ್ಲ. ಆರಂಭದಲ್ಲಿ ಅಂದಾಜಿಗೆ ಕೂಗಿ ಸಿಕ್ಕಿಬಿದ್ದರು. ಬಿಂದಿಗಳು ಬೆವರಿಗೆ ಕಿತ್ತುಬಂದು ಅವರ ಹಣೆ, ತೋಳು, ಬನಿಯನ್ನಿಗೆಲ್ಲ ಅಂಟುತ್ತಿದ್ದವು. ಪಾಕೆಟ್ ಖಾಲಿಯಾದಾಗ ಅತ್ತೆ ತಮ್ಮದನ್ನು ಕೊಟ್ಟರು: “ಚಿಕ್ಕದು ಇದು, ಇದು ಅವನ ಕಣ್ಣಿಗೆ ಬಿದ್ರೆ ಇನ್ನು ಹೆದರಿಕೆ ಇಲ್ಲ.” ಸಾಸಿವೆಗಿಂತ ಸ್ವಲ್ಪ ದೊಡ್ಡ ಮರೂನ್ ಬಿಂದಿ. ಆಗಸ್ಟ್ ಬರುವಷ್ಟರಲ್ಲಿ ಅದೂ ಕಾಣತೊಡಗಿತು. “ಮರೂನ್!” ಎಂಬ ಕೂಗು ಆಚೆ ಬಿಲ್ಡಿಂಗಿಗೂ ಕೇಳಿರಬೇಕು. ಅಲ್ಲಿನ ಕಿಟಕಿಯಿಂದ ಒಬ್ಬಾಕೆ ಕೈ ಬೀಸಿದಳು.

ರಜೆ ಮುಗಿದು ಕ್ಲಬ್ಬಿನ ಕ್ಯಾಂಪ್ ಶುರುವಾಯಿತು. “ಕೋಚ್ ಎಂತ ಹೇಳಿದ್ರು?” ಎಂದು ಕೇಳಿದರೆ, “ನೋಡುವ ಅಂದ್ರು” ಎನ್ನುವುದಷ್ಟೇ. ಮೊದಲ ಪಂದ್ಯದ ತಂಡದಲ್ಲಿ ಹೆಸರು ಬಂತು. ಆದರೆ ಅದು ಒಂದೇ ಪಂದ್ಯದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಗುದ್ದಿದರೆ ಮುಂದಿನದಕ್ಕೆ ಚಿಕ್ಕವನು.

ಎರಡನೇ ದರ್ಜೆಯ ಪಂದ್ಯಕ್ಕೆ ಜನ ಬರುವುದು ಕಡಿಮೆ. ಫ್ಯಾಮಿಲಿ ವಿಭಾಗದಲ್ಲಿ ಅತ್ತೆ, ನಾನು, ಥರ್ಮೋಸಿನಿಂದ ಕಾವಾ ಎಂಬ ಅರಬ್ಬೀ ಕಾಫಿ ಬಗ್ಗಿಸುತ್ತಿದ್ದ ಒಂದು ಅರಬ್ ಕುಟುಂಬ. ಖಾಲಿ ಸ್ಟೇಡಿಯಮ್ಮಿನ ಒಂದು ಗುಣವೆಂದರೆ ಎಲ್ಲವೂ ಕೇಳುತ್ತದೆ: ಬೂಟಿನ ಸದ್ದು, ಕೋಚಿನ ‘ಯಲ್ಲಾ, ಯಲ್ಲಾ’, ಆಟಗಾರರ ಉಸಿರು ಕೂಡ.

ಬಹಳ ಹೊತ್ತು ಚೆಂಡು ಇವರ ಕಡೆ ಬರಲೇ ಇಲ್ಲ. ಆಮೇಲೆ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಮೂಲೆಯಿಂದ ಒದ್ದ ಚೆಂಡು ದೀಪಗಳಿಗಿಂತ ಮೇಲೆ ಹೋದಂತೆ ಕಂಡಿತು. ಗೋಲಿನ ಮುಂದೆ ಹತ್ತಾರು ತಲೆ, ಭುಜ, ಮೊಣಕೈ. ಅತ್ತೆ ನನ್ನ ತೊಡೆಯನ್ನು ಹಿಡಿದುಕೊಂಡರು.

“ಕೀಪರ್!”

ಅಷ್ಟು ತಿಂಗಳ ಮೇಲೆ ಆ ಕೂಗು. ಅವರು ಎಲ್ಲರಿಗಿಂತ ಮೇಲೆದ್ದರು, ಎರಡೂ ಅಂಗೈಗಳು ಬಿಚ್ಚಿದ್ದವು. ಗ್ಲೌಸಿಗೆ ಚೆಂಡು ಬಂದು ಕೂರುವ ‘ಧಪ್’ ಸದ್ದು ನಾವು ಕುಳಿತಲ್ಲಿಗೆ ಕೇಳಿತು. ನೆಲಕ್ಕೆ ಇಳಿದಾಗಲೂ ಅದು ಅವರ ಕೈಯಲ್ಲಿಯೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೀಪರ್ ಚೆಂಡು ಹಿಡಿದರೆ ಚಪ್ಪಾಳೆ ಎಂತಕ್ಕೆ? ಅತ್ತೆ ಮಾತ್ರ ಎದ್ದು ನಿಂತರು. ಆಮೇಲೆ ಸುತ್ತ ನೋಡಿ, ಸೆರಗು ಸರಿ ಮಾಡುವವರಂತೆ ಕುಳಿತರು.

ಇನ್ನೂ ಮೂರು ನಾಲ್ಕು ಅಂಥವು ಬಂದವು, ಹಿಡಿದರು. ಕೊನೆಗೆ ದೂರದಿಂದ ಬಂದ ಒಂದು ಸಾಧಾರಣ ಹೊಡೆತಕ್ಕೆ ತಪ್ಪು ಜಾಗದಲ್ಲಿ ನಿಂತು ಗೋಲು ಬಿಟ್ಟರು. ಪಂದ್ಯ ಒಂದು-ಒಂದರಲ್ಲಿ ಮುಗಿಯಿತು.

ಗೇಟಿನ ಹತ್ತಿರ ಕಾಯುತ್ತಿದ್ದಾಗ ಕೋಚ್ ಬಂದರು. ಅವರ ಮುಖದಿಂದ ಏನನ್ನೂ ಓದಲಾಗಲಿಲ್ಲ. ನನಗೆ ಸಲಾಂ ಹೇಳಿ, “ಮದಾಮ್, ಮುಂದಿನ ವಾರದ ಮ್ಯಾಚು ಬೇಗ ಉಂಟು. ಅವನಿಗೆ ಮಧ್ಯಾಹ್ನ ಅನ್ನ ಜಾಸ್ತಿ ಹಾಕಬೇಡಿ” ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು. ಅತ್ತೆಗೆ ತುಳುವಿನಲ್ಲಿ ಹೇಳಿದೆ. ಅವರಿಗೆ ಅನ್ನದ ವಿಷಯ ಅಷ್ಟು ಹಿಡಿಸಲಿಲ್ಲ, ಉಳಿದದ್ದು ಹಿಡಿಸಿತು.

ಮನೆಗೆ ಹೋಗುವಾಗ ಕಾರು ಓಡಿಸಿದ್ದು ನಾನು. ಮೊದಲ ಸಿಗ್ನಲ್ಲಿನಲ್ಲಿ ಅತ್ತೆ ಹಿಂದಿನ ಸೀಟಿನಿಂದ, “ಅಲ್ಲ ಮಗಾ, ಕಷ್ಟದ್ದೆಲ್ಲ ಹಿಡಿದು, ಆ ಸುಲಭದ್ದನ್ನು ಹೇಗೆ ಬಿಟ್ಟೆ?” ಎಂದು ಕೇಳಿದರು.

ಕಳೆದ ಸೀಸನ್ನಿನಲ್ಲಾದರೆ ಅವರು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಈಗ ಸೀಟಿನಲ್ಲಿ ಅಮ್ಮನ ಕಡೆ ತಿರುಗಿ, ತಾವು ಎಲ್ಲಿ ನಿಂತಿದ್ದರು, ಎಲ್ಲಿ ನಿಲ್ಲಬೇಕಿತ್ತು, ಡಿಫೆಂಡರ್ ಎಲ್ಲಿ ಅಡ್ಡ ಬಂದ, ಮುಂದಿನ ವಾರ ಹಾಗಾದರೆ ಏನು ಮಾಡುತ್ತಾರೆ ಎಂದು ಹೇಳತೊಡಗಿದರು. ಸಿಗ್ನಲ್ ಹಸಿರಾಯಿತು, ಬಿನ್ ಮಹಮೂದ್ ಬಂತು, ಪಾರ್ಕಿಂಗ್ ಸಿಕ್ಕಿತು. ಅವರು ಇನ್ನೂ ಹೇಳುತ್ತಲೇ ಇದ್ದರು.

“ಸಾಕು ಮಾರಾಯ, ಗೊತ್ತಾಯ್ತು, ಇಳಿ” ಎಂದರು ಅತ್ತೆ.

“ಇಲ್ಲ ಅಮ್ಮ, ಸರಿ ಕೇಳಿ” ಎಂದು ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಎಂಜಿನ್ ಆಫ್ ಮಾಡದೆ, ಎಸಿ ಹಾಗೆಯೇ ಬಿಟ್ಟು, ಕೇಳುತ್ತಾ ಕುಳಿತೆ.